ನೀಲಮ್ಮನ ಹಿತ್ತಲಿನ ನೆಂಟರು

ನಮ್ಮೂರಲ್ಲಿ ಕರೆಯದೆ ಹೂ ಬರುವುದಿಲ್ಲ. ಚಳಿ ಮುಗಿದು ಮಂಜು ಬೆಟ್ಟದ ಕಡೆಗೆ ಸರಿದ ಮೇಲೆ ಕುಂಕುಮದ ಬಟ್ಟಲು, ಅಕ್ಷತೆ ಹಿಡಿದು ಒಂದೊಂದು ಗಿಡದ ಹತ್ತಿರವೂ ಹೋಗಿ, ಮದುವೆಗೆ ಕರೆದ ಹಾಗೆ ಬಾಯಿ ತುಂಬ ಕರೆಯಬೇಕು. ನೆಟ್ಟವರೇ ಕರೆಯಬೇಕು. ಬಾಗಿಲಲ್ಲಿ ನಿಂತು ಎಲ್ಲಕ್ಕೂ ಒಟ್ಟಿಗೆ "ಬಂದ್ಬಿಡ್ರಪ್ಪ" ಎಂದು ಕೈ ಬೀಸಿದರೆ ಒಂದೂ ಬರುವುದಿಲ್ಲ. ದಾಸವಾಳವನ್ನು ಕರೆದು ಪಕ್ಕದಲ್ಲಿದ್ದ ಕಣಗಿಲೆಯನ್ನು ಮರೆತರಂತೂ ಮುಗಿಯಿತು, ಕಣಗಿಲೆ ವರ್ಷವಿಡೀ ಬರೀ ಎಲೆ ಬಿಟ್ಟುಕೊಂಡು ಮುಖ ತಿರುಗಿಸಿ ನಿಂತಿರುತ್ತದೆ. ಊರು ಬಿಡುವವರು ಮನೆಯ ಬೀಗದ ಕೈ ಕೊಡುವ ಮೊದಲು ಹೊಸಬರನ್ನು ಗಿಡಗಳ ಮುಂದೆ ನಿಲ್ಲಿಸಿ, "ಇನ್ಮೇಲೆ ನಿಮ್ಮನ್ನ ಇವರು ಕರೀತಾರೆ" ಎಂದು ಪರಿಚಯ ಮಾಡಿಸುತ್ತಾರೆ. ಸಾವಾದ ಮನೆಯಲ್ಲಿ, ಬಂದ ನೆಂಟರು ಊಟಕ್ಕೆ ಕೂರುವ ಮುನ್ನ ಮನೆಯವರಲ್ಲೊಬ್ಬರು ಹಿತ್ತಲಿಗೆ ಹೋಗಿ ಸುದ್ದಿ ಹೇಳಿ ಬರುತ್ತಾರೆ. ಇದೆಲ್ಲ ನಮಗೆ ಉಸಿರಾಡಿದಷ್ಟು ಸಹಜ.

ನನಗಂತೂ ಈ ಕೆಲಸದಷ್ಟು ಇಷ್ಟದ ಕೆಲಸ ಬೇರೊಂದಿರಲಿಲ್ಲ. ತಂದೆ ತಾಯಿ ಹೋದ ಮೇಲೆ ಅಣ್ಣನ ಮನೆಯಲ್ಲಿ ಬೆಳೆದವಳು ನಾನು. ಹೆಸರು ಸರ್ವಮಂಗಳ, ಎಲ್ಲರ ಬಾಯಲ್ಲೂ ಮಂಗಳ. ಅಣ್ಣನ ಮನೆಗೆ ಹಿತ್ತಲಿರಲಿಲ್ಲ. ಮೆಟ್ಟಿಲ ಮೇಲೆಯೇ ಎಣ್ಣೆ ಡಬ್ಬಿ, ಬಾಯಿ ಒಡೆದ ಮಡಕೆ, ಹಿಡಿ ಮುರಿದ ಬಕೆಟ್ಟುಗಳಲ್ಲಿ ಸ್ಫಟಿಕ, ಕನಕಾಂಬರ, ಎರಡು ಬಣ್ಣದ ಡೇರೆ, ಒಂದು ಬಡಕಲು ಕಾಕಡ ಸಾಕಿಕೊಂಡಿದ್ದೆ. ನನ್ನನ್ನು ನೋಡಲು ಬಂದ ಗಂಡುಗಳಿಗಿಂತ ನನ್ನ ಡೇರೆ ನೋಡಲು ಬಂದವರೇ ಹೆಚ್ಚು ಎಂದು ಅತ್ತಿಗೆ ನಗುತ್ತಿದ್ದಳು. ಮೂವತ್ತು ದಾಟಿದ ಮೇಲೆ ಪಂಚಾಕ್ಷರಿಯವರ ಸಂಬಂಧ ಬಂತು. ಅವರು ಹಾಸಿಗೆ, ರಜಾಯಿ ಹೊಲಿಯುವವರು. ಹೆಂಡತಿ ನೀಲಮ್ಮ ಎರಡು ವರ್ಷದ ಹಿಂದೆ ಜ್ವರದಲ್ಲಿ ತೀರಿಕೊಂಡಿದ್ದರು, ಹತ್ತು ವರ್ಷದ ಮಗಳಿದ್ದಳು. ಅರ್ಧ ವರ್ಷ ಚಳಿಯೇ ಇರುವ ಊರಲ್ಲಿ ರಜಾಯಿ ಹೊಲಿಯುವವನ ಮನೆಗೆ ಅನ್ನಕ್ಕೆ ಕೊರತೆಯಿಲ್ಲ ಎಂದು ಅಣ್ಣ ಒಪ್ಪಿದ. ನಾನು ಒಪ್ಪಿದ್ದು ಬೇರೆ ಕಾರಣಕ್ಕೆ. ನೋಡಲು ಬಂದ ದಿನ ಅವರು ಮೆಟ್ಟಿಲು ಹತ್ತುವಾಗ ನನ್ನ ಡಬ್ಬಿಗಳಿಗೆ ತಾಗದ ಹಾಗೆ ಪಂಚೆ ಎತ್ತಿ ಹಿಡಿದುಕೊಂಡು, ಗೋಡೆಗೆ ಒತ್ತಿಕೊಂಡು ಬಂದರು. ಅದಕ್ಕೆ ಮೊದಲು ಬಂದವನೊಬ್ಬ ಡೇರೆಯ ಬುಡಕ್ಕೆ ಎಲೆ ಅಡಿಕೆ ಉಗಿದು ಒಳಗೆ ಬಂದಿದ್ದ.

ಮದುವೆ ಚಳಿಗಾಲದ ಕೊನೆಯಲ್ಲಾಯಿತು. ತಳ್ಳುಗಾಡಿಯ ತುಂಬ ನನ್ನ ಡಬ್ಬಿಗಳನ್ನು ಹೇರಿಸಿಕೊಂಡು ಹೋದೆ. ಗಂಡನ ಮನೆಯ ಹಿತ್ತಲನ್ನು ಕಂಡಾಗ ಡಬ್ಬಿ ಇಳಿಸುವುದನ್ನೇ ಮರೆತು ನಿಂತುಬಿಟ್ಟೆ. ಬಾವಿಯ ಪಕ್ಕ ಮಲ್ಲಿಗೆಯ ಚಪ್ಪರ, ಅದಕ್ಕೆ ಎದುರಾಗಿ ಕೆಂಡಸಂಪಿಗೆಯ ಮರ, ಬೇಲಿಗುಂಟ ಜಾಜಿ, ಮೂಲೆಯಲ್ಲಿ ನಂದಿಬಟ್ಟಲು, ಇರುವಂತಿಗೆ. ಎಲ್ಲವೂ ಹಸಿರು. ಎಲೆಗಳು ಎಣ್ಣೆ ಹಚ್ಚಿ ಒರೆಸಿದ ಹಾಗೆ ಹೊಳೆಯುತ್ತಿದ್ದವು. ಒಂದೇ ಒಂದು ಮೊಗ್ಗಿರಲಿಲ್ಲ. ನೀಲಮ್ಮ ಹೋದಂದಿನಿಂದ ಆ ಹಿತ್ತಲಲ್ಲಿ ಹೂ ಕಂಡವರಿಲ್ಲ. ಸುದ್ದಿ ಹೇಳಿದ ಮೇಲೆ ಗಿಡಗಳು ಒಂದು ವರ್ಷ ದುಃಖ ಆಚರಿಸಿ, ಆಮೇಲೆ ಮನೆಯ ಬೇರೆಯವರು ಕರೆದರೆ ಬರುವುದು ವಾಡಿಕೆ. ಇವು ಬಂದಿರಲಿಲ್ಲ. "ನೀಲಮ್ಮ ಹಂಗೆ ಸಾಕಿದ್ಲು ಕಣವ್ವ, ಅವಳನ್ನ ಬಿಟ್ರೆ ಇನ್ನೊಬ್ಬರ ಮಾತು ಕೇಳಲ್ಲ ಅವು" ಎಂದು ಪಕ್ಕದ ಮನೆಯ ಕೊಟ್ರಮ್ಮ ಗೋಡೆಯ ಮೇಲಿಂದ ನನಗೆ ಹೇಳಿದಳು. ಅರವತ್ತು ದಾಟಿದ ಕೊಟ್ರಮ್ಮನದು ದೊಡ್ಡ ಬಾಯಿ. ಗಿಡಗಳನ್ನು ಕರೆಯುವಾಗಲೂ ಬೈದೇ ಕರೆಯುತ್ತಿದ್ದಳು. "ಹೋದ ವರ್ಷ ನಾಲ್ಕೇ ಹೂ ಕೊಟ್ಟು ಮಾನ ಕಳೆದೆ, ಈ ಸಲನಾದ್ರೂ ಮಂದಿ ಮಕ್ಕಳನ್ನೆಲ್ಲ ಕರ್ಕಂಡು ಬಾ" ಎಂದು ಗುಲಾಬಿಗೆ ಜೋರು ಮಾಡುತ್ತಿದ್ದಳು. ಗುಲಾಬಿ ಹೆದರಿಯೋ ಏನೋ, ಬರುತ್ತಿತ್ತು.

ಮಗಳ ಹೆಸರು ದಾಕ್ಷಾಯಿಣಿ. ಎಲ್ಲರಿಗೂ ದಾಕ್ಷಿ. ಅವಳು ನನ್ನ ಜೊತೆ ಜಗಳವಾಡಲಿಲ್ಲ, ಎದುರು ಮಾತಾಡಲಿಲ್ಲ. ನನ್ನನ್ನು ಏನೆಂದೂ ಕರೆಯಲಿಲ್ಲ, ಅಷ್ಟೇ. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೆ "ಹಾಲು ಉಕ್ತಾ ಐತೆ" ಎಂದು ಗೋಡೆಗೆ ಹೇಳುತ್ತಿದ್ದಳು. ಊಟಕ್ಕೆ ಬಡಿಸಿದರೆ ತಟ್ಟೆಗೆ "ಸಾಕು" ಎನ್ನುತ್ತಿದ್ದಳು. ಆ ವಸಂತದಲ್ಲಿ ನನ್ನ ಡಬ್ಬಿಯ ಗಿಡಗಳನ್ನು ಹೊಸ ಜಾಗದಲ್ಲಿ ಕರೆದೆ, ಬಂದವು. ಮೊದಲ ಕನಕಾಂಬರದ ದಂಡೆ ಕಟ್ಟಿ ಅವಳಿಗೆ ಮುಡಿಸಲು ಹೋದರೆ, "ತಲೆನೋವು ಬರುತ್ತೆ" ಎಂದು ಬಾಗಿಲ ಕಡೆ ನೋಡಿ ಹೇಳಿದಳು. ಕನಕಾಂಬರಕ್ಕೆ ವಾಸನೆಯೇ ಇಲ್ಲ. ಆ ದಂಡೆಯನ್ನು ಬಾವಿಯ ಗಡಗಡೆಗೆ ಸುತ್ತಿ ಬಂದೆ. ಗಡಗಡೆ ಎರಡು ದಿನ ಮದುಮಗಳ ಹಾಗಿತ್ತು.

ನೀಲಮ್ಮನ ಗಿಡಗಳನ್ನೂ ಕರೆದು ನೋಡಿದೆ. ಒಂದೊಂದಕ್ಕೂ ಕುಂಕುಮ ಇಟ್ಟು, ನಾನು ಈ ಮನೆಗೆ ಹೊಸಬಳು, ತಪ್ಪು ಒಪ್ಪು ಹೊಟ್ಟೆಗೆ ಹಾಕಿಕೊಂಡು ಬರಬೇಕು ಎಂದು ಕೇಳಿಕೊಂಡೆ. ಅವು ಬರಲಿಲ್ಲ. ನನಗೆ ಬೇಸರವಾಗಲಿಲ್ಲ, ಹೊಸಬರನ್ನು ಯಾರು ತಾನೇ ಒಂದೇ ಸಲಕ್ಕೆ ನಂಬುತ್ತಾರೆ? ನೀರು ಹಾಕುತ್ತ ಹೋದೆ.

ಮರುವರ್ಷ ಚಳಿ ಮುಗಿದಾಗ ಮತ್ತೆ ಕರೆಯಬೇಕೆಂದು ಬೆಳಿಗ್ಗೆ ಬಟ್ಟಲು ಹಿಡಿದು ಹಿತ್ತಲ ಬಾಗಿಲಿಗೆ ಬಂದರೆ ಮಲ್ಲಿಗೆ ಚಪ್ಪರದ ಕೆಳಗೆ ದಾಕ್ಷಿ ನಿಂತಿದ್ದಳು. ಅವಳ ಕೈಯಲ್ಲೂ ಅಕ್ಷತೆ ಇತ್ತು. ಗಿಡಕ್ಕೆ ಹೇಳುತ್ತಿದ್ದಳು: "ಅಮ್ಮ ಇನ್ನೂ ಬಂದಿಲ್ಲ. ಅವಳು ಬರೋತನಕ ನಾನು ಕರೀಲಾ? ಒಂದೇ ಒಂದು ಹೂ ಸಾಕು." ನಾನು ಹಿಂದಕ್ಕೆ ಸರಿಯುವಷ್ಟರಲ್ಲಿ ಅವಳು ತಿರುಗಿದಳು. ಮುಖ ಕೆಂಪಾಯಿತು.

"ನಾನು ಕರೆದ್ರೂ ಬರಲ್ಲ. ಯಾರು ಕರೆದ್ರೂ ಬರಲ್ಲ ಅವು. ಅಮ್ಮಂಗೆ ಕಾಯ್ತಾ ಅವೆ" ಎಂದಳು. ಅದರಲ್ಲಿ ಅಳುವಿರಲಿಲ್ಲ. ಒಂಥರಾ ಹೆಮ್ಮೆಯಿತ್ತು.

ಆ ಮಾತು ನನ್ನ ತಲೆಯಲ್ಲಿ ಕೂತಿತು. ಸುದ್ದಿ ತಿಳಿದ ಗಿಡ ದುಃಖಪಡುತ್ತದೆ, ಕಾಯುವುದಿಲ್ಲ. ಅದೇ ವಾರ ಕೊಟ್ರಮ್ಮ ನಮ್ಮ ಹಿತ್ತಲಿಗೆ ಬಂದವಳು ಸಂಪಿಗೆಯ ಕಾಂಡವನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಕಿವಿ ಇಟ್ಟು ಕೇಳಿ, ಬಾಯಿ ಚಪ್ಪರಿಸಿದಳು.

"ಒಳಗೆ ಟೊಳ್ಳು ಬೀಳ್ತಾ ಐತೆ ಕಣವ್ವ. ನಮ್ಮ ಅತ್ತೆ ಮನೇಲಿ ಒಂದು ಸುರಗಿ ಮರ ಹಿಂಗೇ ಆಗಿತ್ತು. ಮಾವ ದೇಶಾಂತರ ಹೋದೋರು ಬರ್ತಾರೆ ಅಂತ ಕಾದು ಕಾದು ನಿಂತಲ್ಲೇ ಕಟ್ಟಿಗೆ ಆಯ್ತು. ಕಾಯೋದು ಅಂದ್ರೆ ಗೆದ್ದಲು ಇದ್ದಂಗೆ. ಹೊರಗೆ ಹಸಿರು, ಒಳಗೆ ಪುಡಿ."

"ಇದಕ್ಕೆ ಸುದ್ದಿ ಗೊತ್ತಲ್ಲ, ಅಜ್ಜಿ."

"ಗೊತ್ತು. ಪಂಚಾಕ್ಷರಿ ಹಿತ್ತಲಿಗೆ ಹೋಗಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ" ಎಂದಳು ಕೊಟ್ರಮ್ಮ. ಆಮೇಲೆ, "ಏನಂದ ಅಂತ ಮಾತ್ರ ಕೇಳಿಸ್ಕಂಡಿಲ್ಲ" ಎಂದು ನನ್ನ ಮುಖ ನೋಡಿದಳು. ನಾನೂ ಅವಳ ಮುಖ ನೋಡಿದೆ.

ಮಧ್ಯಾಹ್ನ ಬುತ್ತಿ ಹಿಡಿದುಕೊಂಡು ಅಂಗಡಿಗೆ ಹೋದೆ. ಅವರು ಹತ್ತಿ ಹಿಂಜುತ್ತ ಕೂತಿದ್ದರು. ಮೀಸೆ, ಹುಬ್ಬು, ಕಿವಿಯ ಮೇಲೆಲ್ಲ ಹತ್ತಿ ಹಾರಿ ಕೂತು ಮುದುಕನ ಹಾಗೆ ಕಾಣುತ್ತಿದ್ದರು. ಸುತ್ತಿ ಬಳಸಿ ಕೇಳುವುದು ನನಗೆ ಬರುವುದಿಲ್ಲ.

"ರೀ, ಅವತ್ತು ಹಿತ್ತಲಲ್ಲಿ ನೀವು ಏನಂತ ಹೇಳಿದ್ರಿ?"

ಅವರ ಕೈ ನಿಂತಿತು. ಕೇಳಿದ್ದು ಯಾವತ್ತಿನ ಮಾತು ಎಂದು ಅವರು ಕೇಳಲಿಲ್ಲ. ಹತ್ತಿಯನ್ನೇ ನೋಡುತ್ತ "ಹೇಳ್ಲಿಲ್ಲ" ಎಂದರು.

"ಒಂದಕ್ಕೂ?"

"ಹೋಗಿ ನಿಂತೆ ಮಂಗಳಾ. ಬಾಯಿ ಬರಲಿಲ್ಲ. ಮಲ್ಲಿಗೆ ಅವತ್ತು ಮೈತುಂಬ ಬಿಟ್ಟಿತ್ತು. ಅವಳು ಆಸ್ಪತ್ರೆಗೆ ಹೋಗೋ ಮುಂಚೆ ನೀರು ಹಾಕಿ ಹೋಗಿದ್ಲಲ್ಲ, ಬುಡ ಇನ್ನೂ ಒದ್ದೆ ಇದ್ದಂಗೆ ಅನ್ನಿಸ್ತು. ಹಿಂದೆ ನೆಂಟರೆಲ್ಲ ಊಟಕ್ಕೆ ಎಲೆ ಹಾಕ್ಕಂಡು ಕಾಯ್ತಿದ್ರು. ವಾಪಸ್ ಬಂದೆ. ಹೇಳಾಯ್ತು ಅಂದ್ಕೊಂಡ್ರು. ನಾನೂ ಹೂಂ ಅಂದೆ." ಮುಖದ ಮೇಲಿನ ಹತ್ತಿ ಒರೆಸಿಕೊಂಡರು. "ಅವನ್ನೆಲ್ಲ ಅವಳು ತವರಿಂದ ತಂದಿದ್ದು. ಒದ್ದೆ ಬಟ್ಟೆಲಿ ಸುತ್ಕೊಂಡು, ಕಡ್ಡಿ ಕಡ್ಡಿ. ಅವಳ ಕಡೆಯೋರು ಅಂತ ಇಲ್ಲಿ ಇದ್ದಿದ್ದು ಅವೇ. ಹುಡುಗಿನ ನನ್ನ ಕೈಗೆ ಒಪ್ಪಿಸಿದೋರಿಗೆ ಏನಂತ ಹೇಳ್ಲಿ?"

ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತೇನೋ. ಬರಲಿಲ್ಲ. ಬುತ್ತಿ ಬಿಚ್ಚಿ ರೊಟ್ಟಿಯ ಮೇಲೆ ಪಲ್ಯ ಹಾಕಿ ಮುಂದೆ ಇಟ್ಟೆ. ಅವರು ಉಣ್ಣುವವರೆಗೂ ಕೂತಿದ್ದು, ಸಂಪಿಗೆಯ ವಿಷಯ ಹೇಳಿದೆ. ಹೇಳದಿದ್ದರೆ ಹಿತ್ತಲು ಉಳಿಯುವುದಿಲ್ಲ ಎಂದೆ. ಅವರು ಕೇಳಿದ್ದು ಒಂದೇ ಮಾತು: "ದಾಕ್ಷಿಗೆ?"

ಅದೇ ನನಗೂ ಇದ್ದ ಹೆದರಿಕೆ. ಆ ಗಿಡಗಳು ಕಾಯುತ್ತಿರುವವರೆಗೆ ಆ ಮಗುವಿನ ತಾಯಿ ಎಲ್ಲೋ ದಾರಿಯಲ್ಲಿದ್ದಳು. ಹಾಗೆಂದು ಅವಳಿಗೆ ತಿಳಿಸದೆ ಮಾಡುವುದೂ ಸರಿಯಲ್ಲ ಎನಿಸಿತು. ಸಂಜೆ ಅವರೇ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು. ಅವಳು ಮಧ್ಯದಲ್ಲೇ ಎದ್ದು ನಿಂತಳು.

"ಹೇಳ್ಬೇಡ ಅಪ್ಪ. ಹೇಳಿದ್ರೆ ಅವಕ್ಕೆ ಗೊತ್ತಾಗಿಬಿಡುತ್ತೆ."

"ಮರ ಸಾಯುತ್ತೆ ದಾಕ್ಷಿ" ಎಂದೆ ನಾನು.

ಅವಳು ಮೊದಲ ಸಲ ಗೋಡೆಯನ್ನೋ ತಟ್ಟೆಯನ್ನೋ ನೋಡದೆ ನನ್ನನ್ನೇ ನೋಡಿದಳು. "ನಿಮಗೆ ಹೂ ಬೇಕು. ಅದಕ್ಕೇ" ಎಂದಳು. ಒಳಗೆ ಹೋಗಿ ಕದ ಹಾಕಿಕೊಂಡಳು. ನಾನು ಕದದ ಈಚೆ ಕೂತು ಏನೇನೋ ಹೇಳಬೇಕೆಂದುಕೊಂಡೆ. ಬಾಯಿಗೆ ಬಂದ ಮಾತೆಲ್ಲ ನನಗೇ ಸಪ್ಪೆಯೆನಿಸಿ, ಕೊನೆಗೆ "ಊಟ ಮುಚ್ಚಿಟ್ಟಿದೀನಿ" ಎಂದಷ್ಟೇ ಹೇಳಿ ಎದ್ದೆ.

ಬೆಳಿಗ್ಗೆ ಅವರು ಮಡಿ ಪಂಚೆ ಉಟ್ಟು, ವಿಭೂತಿ ಹಚ್ಚಿಕೊಂಡು ಹಿತ್ತಲಿಗೆ ಇಳಿದರು. ನಾನು ಬಾಗಿಲಲ್ಲಿ ನಿಂತೆ. ಅವರು ಚಪ್ಪರದ ಮುಂದೆ ನಿಂತು ಕೈ ಮುಗಿದರು. ಹೆಗಲ ಮೇಲಿನ ಟವಲ್ಲು ತೆಗೆದು ಕೈಗೆ ಸುತ್ತಿಕೊಂಡರು, ಮತ್ತೆ ಬಿಚ್ಚಿದರು. ಆಮೇಲೆ ಬೀಗರ ಮುಂದೆ ಮಾತಾಡುವ ದನಿಯಲ್ಲಿ ಶುರು ಮಾಡಿದರು.

"ನಾನು ನಿಮ್ಮಳಿಯ, ಪಂಚಾಕ್ಷರಿ. ಮೊದಲೇ ಬಂದು ಹೇಳ್ಬೇಕಿತ್ತು, ತಪ್ಪಾಯ್ತು. ನಿಮ್ಮ ಹುಡುಗಿ ಜ್ವರ ಅಂತ ಆಸ್ಪತ್ರೆಗೆ ಹೋದ್ಲಲ್ಲ, ಅಲ್ಲೇ ಉಳಿದ್ಲು. ನಾನು ಪಕ್ಕದಲ್ಲೇ ಇದ್ದೆ. ಬಿಟ್ಟು ಹೋಗಿರಲಿಲ್ಲ. ಚಳಿ ಚಳಿ ಅಂತಿದ್ಲು, ಮನೇಲಿದ್ದ ರಜಾಯಿ ಎಲ್ಲಾ ತಗಂಡು ಹೋಗಿ ಹೊದಿಸಿದ್ದೆ. ಜೀವಮಾನ ಎಲ್ಲಾ ಊರೋರಿಗೆ ರಜಾಯಿ ಹೊಲ್ದಿದೀನಿ, ಅವಳ ಚಳಿ ಬಿಡಿಸೋಕಾಗ್ಲಿಲ್ಲ." ಇಲ್ಲಿ ಅವರ ದನಿ ನಿಂತಿತು. ನಾನು ಕಾಲು ಮುಂದಿಡಬೇಕೆಂದುಕೊಂಡೆ. ಅಷ್ಟರಲ್ಲಿ ನನ್ನ ಪಕ್ಕದಿಂದ ದಾಕ್ಷಿ ಹಾದುಹೋದಳು. ತಂದೆಯ ಹತ್ತಿರ ಹೋಗಿ ಟವಲ್ಲಿನ ತುದಿ ಹಿಡಿದುಕೊಂಡು ನಿಂತಳು. ಅವರು ಅವಳ ತಲೆಯ ಮೇಲೆ ಕೈ ಇಟ್ಟು ಹೇಳಿ ಮುಗಿಸಿದರು. "ನೀಲಾ ಬರಲ್ಲ. ಇನ್ನು ಕಾಯಬೇಡಿ."

ಸುಮ್ಮನೆ ಗಾಳಿ ಬೀಸಿತು. ಇನ್ನೇನೂ ಆಗಲಿಲ್ಲ. ಸಂಜೆಯ ಹೊತ್ತಿಗೆ ಎಲೆ ಬೀಳಲು ಶುರುವಾಯಿತು.

ಊರೆಲ್ಲ ಹೂ ಬರುತ್ತಿದ್ದ ಕಾಲ. ಕೊಟ್ರಮ್ಮನ ಗುಲಾಬಿ ಗೋಡೆ ಹಾರಿ ಇಣುಕುತ್ತಿತ್ತು. ನಮ್ಮ ಹಿತ್ತಲಲ್ಲಿ ಮಾತ್ರ ಮಲ್ಲಿಗೆ, ಸಂಪಿಗೆ, ಜಾಜಿ, ಎಲ್ಲವೂ ಎಲೆ ಉದುರಿಸಿದವು. ಹಣ್ಣಾಗಿ ಅಲ್ಲ, ಹಸಿ ಹಸಿ ಎಲೆ. ಕೆಲವೇ ದಿನಗಳಲ್ಲಿ ಕಡ್ಡಿಗಳಷ್ಟೇ ಉಳಿದವು. ಅಕ್ಕಪಕ್ಕದವರು ವಿಷಯ ತಿಳಿದು ಗಿಡಗಳನ್ನು ಮಾತಾಡಿಸಲು ಬಂದರು. ತಂಬಿಗೆಯಲ್ಲಿ ನೀರು ಮಜ್ಜಿಗೆ ತಂದು ಬುಡಕ್ಕೆ ಹಾಕಿ, ಚಪ್ಪರದ ಕಂಬಕ್ಕೆ ಒರಗಿ ಕೂತು, "ಏನು ಮಾಡೋಕಾಗುತ್ತೆ, ನಮ್ಮ ಕೈಲಿ ಏನೈತೆ" ಎಂದು ಕಡ್ಡಿಗಳನ್ನು ಸವರಿ ಹೋದರು. ಕೊಟ್ರಮ್ಮ ಬಂದವಳು ಮೊದಲ ಬಾರಿಗೆ ಬೈಯದೆ ಮಾತಾಡಿದಳು. ನೀಲಮ್ಮ ಸಾಲ ಕೇಳಿದ ಹಾಗೆ ಸಂಕೋಚದಿಂದ ಗೊಬ್ಬರ ಕೇಳಲು ಬರುತ್ತಿದ್ದುದು, ಹಬ್ಬದ ದಿನ ಬೆಳಗಾಗುವ ಮುಂಚೆ ಗೋಡೆಯ ಮೇಲೆ ಒಂದು ಬೊಗಸೆ ಮಲ್ಲಿಗೆ ಇಟ್ಟು ಹೋಗುತ್ತಿದ್ದುದು, ಎಲ್ಲವನ್ನೂ ಹೇಳಿಕೊಂಡು ಸಂಪಿಗೆಯನ್ನು ಅಪ್ಪಿಕೊಂಡು ಅತ್ತಳು.

ದಾಕ್ಷಿ ಎಲೆಗಳನ್ನು ಗುಡಿಸಲು ಯಾರಿಗೂ ಬಿಡಲಿಲ್ಲ. ದಿನಾ ಬೆಳಿಗ್ಗೆ ಬುಟ್ಟಿ ಹಿಡಿದು ತಾನೇ ಆರಿಸುತ್ತಿದ್ದಳು. "ಎಲ್ಲಾ ಸತ್ತೋದ್ವು. ನೋಡಿ, ಎಲ್ಲಾ ಸತ್ತೋದ್ವು" ಎಂದು ಒಂದು ದಿನ ಬುಟ್ಟಿಯನ್ನು ನನ್ನ ಕಾಲ ಹತ್ತಿರ ಇಟ್ಟಳು. ನಾನು ಕೂತು ಮಲ್ಲಿಗೆಯ ಕಡ್ಡಿಯೊಂದನ್ನು ಉಗುರಿನಿಂದ ಕೆರೆದು ತೋರಿಸಿದೆ. ಸಿಪ್ಪೆಯ ಕೆಳಗೆ ಹಸಿರು ಗೆರೆಯಿತ್ತು. ಅವಳು ನೋಡಿದಳು, ನಂಬಲಿಲ್ಲ, ಮರುದಿನ ತಾನೇ ಇನ್ನೊಂದು ಕಡ್ಡಿ ಕೆರೆದು ನೋಡಿದಳು. ಎಲೆಗಳನ್ನೆಲ್ಲ ಬಿಸಿಲಿಗೆ ಒಣಗಿಸಿ ತಂದೆಯ ಅಂಗಡಿಗೆ ಒಯ್ದು ದಿಂಬು ಮಾಡಿಕೊಡು ಎಂದು ಕೇಳಿದಳಂತೆ. ಅವರು ಇದ್ದುದರಲ್ಲೇ ಒಳ್ಳೆಯ ಬಟ್ಟೆ ತೆಗೆದು ಹೊಲಿದುಕೊಟ್ಟರು. ಅವಳು ಮಗ್ಗುಲು ಬದಲಿಸಿದಾಗಲೆಲ್ಲ ಆ ದಿಂಬು ಸರಬರ ಎನ್ನುತ್ತಿತ್ತು. ಆ ಸದ್ದು ನಿಂತರೆ ನಿದ್ದೆ ಬಂತು ಎಂದು ನಮಗೆ ತಿಳಿಯುತ್ತಿತ್ತು.

ಮಳೆಗಾಲ ಕಳೆಯಿತು. ಆ ವರ್ಷದ ಚಳಿ ಯಾವತ್ತಿನ ಚಳಿಯಂತಿರಲಿಲ್ಲ. ದೀಪಾವಳಿಗೆ ಇಳಿದ ಮಂಜು ಮೇಲೇಳಲಿಲ್ಲ. ಬಾವಿಯ ಹಗ್ಗ ಕೋಲಿನ ಹಾಗೆ ಸೆಟೆದು ನಿಲ್ಲುತ್ತಿತ್ತು. ಅಂಗಡಿಯ ಮುಂದೆ ರಜಾಯಿಗೆ ಸಾಲು ನಿಂತಿತು, ಅವರಿಗೆ ಊಟಕ್ಕೂ ಬಿಡುವಿಲ್ಲ. ಒಂದು ದಿನ ನಾನು ಒಲೆಯ ಮುಂದೆ ಕೂತಿದ್ದೆ. ದಾಕ್ಷಿ ಹಿತ್ತಲ ಬಾಗಿಲಲ್ಲಿ ಕಂಬಳಿ ಹೊದ್ದು ನಿಂತಿದ್ದವಳು ಹೊರಗೆ ನೋಡುತ್ತಲೇ ಕೇಳಿದಳು:

"ಚಿಕ್ಕಮ್ಮ, ಅವಕ್ಕೆ ಎಲೆನೂ ಇಲ್ವಲ್ಲ, ಚಳಿ ಆಗಲ್ವಾ?"

ರೊಟ್ಟಿ ಹೆಂಚಿನ ಮೇಲೆ ಸೀದಿತು. ತಿರುವಿಹಾಕಲು ನನಗೆ ನೆನಪಾಗಲಿಲ್ಲ. "ಆಗುತ್ತೆ" ಎಂದೆ. "ಹೊದಿಸೋಣ."

ಅಂಗಡಿಯಲ್ಲಿ ಉಳಿದ ಬಟ್ಟೆಯ ತುಂಡು, ಹಿಂಜಿ ಬಿಸಾಡಿದ ಹತ್ತಿ ತಂದು ಇಬ್ಬರೂ ಒಲೆಯ ಮುಂದೆ ಕೂತು ಗಿಡಗಳಿಗೆ ಪುಟ್ಟ ಪುಟ್ಟ ರಜಾಯಿ ಹೊಲಿದೆವು. ಸಂಪಿಗೆಗೆ ಅಗಲವಾದ್ದು, ಮಲ್ಲಿಗೆಯ ಬಳ್ಳಿಗೆ ಉದ್ದನೆಯದು. ಅವಳ ಹೊಲಿಗೆ ನನ್ನದಕ್ಕಿಂತ ಚೆನ್ನಾಗಿತ್ತು, ತಂದೆಯ ಕೈ. ಹೊಲಿಯುತ್ತ ಹೊಲಿಯುತ್ತ ತಾಯಿಯ ಮಾತು ತೆಗೆದಳು. ಅಮ್ಮ ಜಾಜಿಯನ್ನು ಕರೆಯುವಾಗ ಹಾಡು ಹೇಳುತ್ತಿದ್ದಳಂತೆ, ಶ್ರುತಿ ಸೇರುತ್ತಿರಲಿಲ್ಲವಂತೆ. ನಂದಿಬಟ್ಟಲಿಗೆ ಸ್ವಲ್ಪ ಕಿವಿ ಮಂದ ಎಂದು ಅದರ ಹತ್ತಿರ ಕೂಗಿ ಹೇಳುತ್ತಿದ್ದಳಂತೆ. ಆಮೇಲೆ ದಾರ ಕಚ್ಚಿ ಕತ್ತರಿಸಿ, "ಡೇರೆ ಕಂಡ್ರೆ ಅಮ್ಮಂಗೆ ಆಗ್ತಿರಲಿಲ್ಲ" ಎಂದಳು. "ವಾಸನೆ ಇಲ್ಲ ಏನಿಲ್ಲ, ಬರೀ ಆಡಂಬರ ಅಂತಿದ್ಲು."

"ಅಯ್ಯೋ ಶಿವನೆ! ನಾನು ತಂದು ಅವಳ ಬಾಗಿಲಲ್ಲೇ ಇಟ್ಟಿದೀನಲ್ಲೇ!"

ಅವಳು ತುಟಿ ಕಚ್ಚಿ ತಡೆದುಕೊಂಡಳು, ಆಗಲಿಲ್ಲ, ನಕ್ಕುಬಿಟ್ಟಳು. ನಾನೂ ನಕ್ಕೆ. ಸೂಜಿ ಚುಚ್ಚಿಕೊಂಡು ಬೆರಳು ಬಾಯಿಗಿಟ್ಟುಕೊಂಡು ನಕ್ಕೆ. ಮಾರನೆಯ ದಿನ ಮಂಜಿನಲ್ಲಿ ಇಬ್ಬರೂ ಹಿತ್ತಲಿಗಿಳಿದು ಗಿಡಗಳಿಗೆಲ್ಲ ರಜಾಯಿ ಕಟ್ಟಿದೆವು. ನಮ್ಮನ್ನು ನೋಡಿ ಬೀದಿಯವರೆಲ್ಲ ಕಟ್ಟಿದರು. ಆ ಚಳಿಗಾಲದಲ್ಲಿ ಪಂಚಾಕ್ಷರಿಯವರ ಅಂಗಡಿಯಲ್ಲಿ ಒಂದು ಚೂರು ಬಟ್ಟೆ ಉಳಿಯಲಿಲ್ಲ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗಬೇಕು. ಆ ವರ್ಷ ಶಿವರಾತ್ರಿ ಹೋಯಿತು, ಚಳಿ ಉಳಿಯಿತು. ಯುಗಾದಿ ಹತ್ತಿರ ಬಂದರೂ ಬೇವಿಗೆ ಚಿಗುರಿಲ್ಲ, ಬೇವಿಲ್ಲದೆ ಬರೀ ಬೆಲ್ಲ ತಿಂದು ಹಬ್ಬ ಮಾಡುವುದೇ ಎಂದು ಜನ ಚಿಂತೆಗೆ ಬಿದ್ದಿದ್ದರು. ಅಂಥದ್ದರಲ್ಲಿ ಒಂದು ಬೆಳಿಗ್ಗೆ ಕಣ್ಣು ಬಿಟ್ಟರೆ ಗೋಡೆಯ ಮೇಲೆ ಬಿಸಿಲು. ಬೀದಿಯಲ್ಲಿ ಕೊಟ್ರಮ್ಮನ ಕೂಗು: "ಬಟ್ಲು ತಗಳ್ರೇ, ಮಂಜು ಎದ್ದೈತೆ!"

ನಾನು ಅಕ್ಷತೆ ಕಲಸಿ ಬಟ್ಟಲನ್ನು ದಾಕ್ಷಿಯ ಕೈಗಿಟ್ಟೆ. ಅವಳು ಹಿಂದೆ ಸರಿದಳು.

"ನಾನು ಬೇಡ. ಮತ್ತೆ ಬರದೇ ಹೋದ್ರೆ?"

"ಬರದೇ ಹೋದ್ರೆ ಮುಂದಿನ ವರ್ಷ ಕರೆಯೋದು. ದುಃಖದಲ್ಲಿರೋ ನೆಂಟರ ಹತ್ತಿರ ಹಠ ಮಾಡೋಕಾಗುತ್ತಾ? ಅವರಿಗೆ ಮನಸ್ಸು ಬಂದಾಗ ಬರ್ತಾರೆ. ಕರೆಯೋದು ನಮ್ಮ ಮರ್ಯಾದೆ."

ಅವಳು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ, "ಒಬ್ಬರೇ ಹೋಗಿ ಕರೀಬಾರದಂತೆ. ನೀವೂ ಬನ್ನಿ" ಎಂದಳು.

ಇಬ್ಬರೂ ಹೋದೆವು. ಅವಳು ಒಂದೊಂದರ ರಜಾಯಿಯನ್ನೂ ಬಿಚ್ಚಿ ಮಡಿಸಿ ನನ್ನ ಕೈಗೆ ಕೊಡುತ್ತ, ಕುಂಕುಮ ಇಟ್ಟು ಕರೆದಳು. "ನಾನು ನೀಲಮ್ಮನ ಮಗಳು ದಾಕ್ಷಾಯಿಣಿ. ಚಳಿ ಹೋಯ್ತು. ನಮ್ಮನೆಗೆ ಬರ್ಬೇಕು." ಸಂಪಿಗೆಯ ಮುಂದೆ ನಿಂತಾಗ ನನ್ನನ್ನು ಒಮ್ಮೆ ನೋಡಿ, ಮರಕ್ಕೆ ಹೇಳಿದಳು. "ಇವರು ಸರ್ವಮಂಗಳ, ನಮ್ಮ ಚಿಕ್ಕಮ್ಮ. ನೀವು ಇವರ ಮೇಲೆ ಏನೂ ತಪ್ಪು ತಿಳ್ಕೋಬೇಡಿ. ಅವತ್ತು ನಾನು ಸಿಟ್ಟಲ್ಲಿ ಏನೋ ಅಂದೆ. ಇವರಿಗೆ ಬರೀ ಹೂ ಬೇಕಾಗಿದ್ದಲ್ಲ."

ನಾನು ಕೈಯಲ್ಲಿದ್ದ ರಜಾಯಿಗಳ ಗಂಟಿನಲ್ಲಿ ಮುಖ ಮುಚ್ಚಿಕೊಂಡೆ. ಅವುಗಳಲ್ಲಿ ಮಣ್ಣಿನ ವಾಸನೆ, ತೊಗಟೆಯ ವಾಸನೆ.

ದಿನಗಳು ಹೋದವು. ಊರಲ್ಲಿ ಹೂ ಶುರುವಾಯಿತು. ನಮ್ಮಲ್ಲಿ ಕಡ್ಡಿಗಳ ತುದಿಯಲ್ಲಿ ಇರುವೆಯ ತಲೆಯಷ್ಟು ಕೆಂಪು ಚಿಗುರು ಕಂಡಿತು, ಅಷ್ಟೇ. ದಾಕ್ಷಿ ಶಾಲೆಗೆ ಹೋಗುವಾಗ ಒಮ್ಮೆ, ಬಂದ ಮೇಲೊಮ್ಮೆ ನೋಡುತ್ತಿದ್ದಳು. ಮಲ್ಲಿಗೆ ಆಮೇಲೆ ಬಂತು. ಜಾಜಿಯೂ ಬಂತು. ಸಂಪಿಗೆ ಎಲ್ಲಕ್ಕಿಂತ ತಡವಾಗಿ, ಕಾಲು ನೋವಿರುವ ಹಿರಿಯರ ಹಾಗೆ ನಿಧಾನಕ್ಕೆ ಬಂತು. ಆದರೆ ಮೊದಲು ಬಂದದ್ದು ಅವು ಯಾವುವೂ ಅಲ್ಲ.

ಅವು ಬರುವುದಕ್ಕೂ ಮುಂಚೆ ಒಂದು ದಿನ ಬೆಳಿಗ್ಗೆ ಪಾತ್ರೆ ತೊಳೆಯಲು ಬಾವಿಯ ಪಕ್ಕದ ಕಲ್ಲಿನ ಹತ್ತಿರ ಹೋದೆ. ಕಲ್ಲಿನ ಬುಡದಲ್ಲಿ, ಬರೀ ನೆಲದಿಂದ, ಎಲೆಯಿಲ್ಲ, ಕಡ್ಡಿಯಿಲ್ಲ, ಯಾರೋ ಮಣ್ಣಿನ ಮೇಲೆ ಇಟ್ಟು ಹೋದ ಹಾಗೆ ಒಂದು ಹೂ ಕೂತಿತ್ತು. ಬಿಳಿ ಎಸಳು, ನಡುವೆ ನೇರಳೆ. ಬಗ್ಗಿದರೆ ಪರಿಮಳ ಮುಖಕ್ಕೆ ಹೊಡೆಯಿತು. ನಾನು ಕೂಗಿದ್ದು ಕೇಳಿ ದಾಕ್ಷಿ ಒಂದು ಜಡೆ ಹೆಣೆದು, ಇನ್ನೊಂದು ಕಡೆಯ ಕೂದಲು ಹಾಗೇ ಹರಡಿಕೊಂಡು ಓಡಿ ಬಂದಳು.

"ಇದ್ಯಾರು?" ಎಂದಳು, ಕುಕ್ಕರುಗಾಲಲ್ಲಿ ಕೂತು.

"ನೆಲಸಂಪಿಗೆ. ಮಳೆಗಾಲದಲ್ಲಿ ಎಲೆ ನೋಡಿದ್ದೆ. ಅರಿಶಿನದ ಗಿಡ ಇರ್ಬೇಕು ಅಂತ ಸುಮ್ಮನಿದ್ದೆ."

"ಅಮ್ಮ ನೆಟ್ಟಿದ್ದಾ?"

ನನಗೆ ಗೊತ್ತಿರಲಿಲ್ಲ. ಗೋಡೆಯ ಮೇಲೆ ಕೊಟ್ರಮ್ಮನ ತಲೆ ಕಾಣಿಸಿತು. ಅವಳು ಕಣ್ಣು ಕಿರಿದು ಮಾಡಿ ನೋಡಿ, "ಇಲ್ಲ ಕಣವ್ವ, ಇದು ನೀಲಮ್ಮನದಲ್ಲ. ಅವಳು ಒಂದು ಕಡ್ಡಿ ಊರಿದ್ರೂ ಮೊದ್ಲು ನಂಗೆ ಹೇಳೋಳು. ಇದು ಯಾರ್ದೋ ಏನೋ" ಎಂದಳು.

ಆಗ ನನಗೆ ಹೊಳೆಯಿತು. "ಅಯ್ಯೋ, ಇದನ್ನ ನಾವು ಕರೆದೇ ಇಲ್ಲ!" ಎಂದೆ. ಹುಟ್ಟಿದಾಗಿನಿಂದ ಈ ಊರಲ್ಲಿ ಕರೆಯದೆ ಬಂದ ಹೂವನ್ನು ನಾನು ಕಂಡಿರಲಿಲ್ಲ. ಬಾಗಿಲಿಗೆ ಬಂದವರನ್ನು ಮಾತಾಡಿಸದೆ ನಿಲ್ಲಿಸಿದಷ್ಟು ನಾಚಿಕೆಯಾಯಿತು. ಬೂದಿ ಮೆತ್ತಿದ ಕೈಯಲ್ಲೇ ಎದ್ದೆ. "ಇರು, ಬಟ್ಲು ತರ್ತೀನಿ. ಈಗಲಾದ್ರೂ ಕುಂಕುಮ ಇಟ್ಟು ಕರೆಯೋಣ. ಏನಂದ್ಕೊಂಡಿದೆಯೋ ಪಾಪ."

ದಾಕ್ಷಿ ನನ್ನ ಸೆರಗು ಹಿಡಿದು ಎಳೆದಳು. ಹೂವಿನಿಂದ ಕಣ್ಣು ತೆಗೆಯದೆ, ದಡ್ಡರಿಗೆ ಹೇಳುವ ಹಾಗೆ ಹೇಳಿದಳು.

"ಬಂದಾಯ್ತಲ್ಲ, ಇನ್ನೇನು ಕರೆಯೋದು ಚಿಕ್ಕಮ್ಮ? ಮನೆಯೋರನ್ನ ಯಾರಾದ್ರೂ ಅಕ್ಷತೆ ಕೊಟ್ಟು ಕರೀತಾರಾ?"

ಅಷ್ಟು ಹೇಳಿ, ಶಾಲೆಗೆ ಹೊತ್ತಾಯಿತು ಎಂದು ಉಳಿದ ಕೂದಲನ್ನು ಹೆಣೆದುಕೊಳ್ಳುತ್ತ ಒಳಗೆ ಓಡಿದಳು. ನಾನು ಅಲ್ಲೇ ಕೂತೆ. ಪಾತ್ರೆಗಳು ಹಾಗೇ ಬಿದ್ದಿದ್ದವು. ಸ್ವಲ್ಪ ಹೊತ್ತಿನ ಮೇಲೆ ಎದ್ದು, ನೀರು ಅದರ ಮೇಲೆ ಸಿಡಿಯದ ಹಾಗೆ ಕಲ್ಲಿನ ಆಚೆ ಬದಿಗೆ ಹೋಗಿ ಕೂತು ತೊಳೆದೆ. ಈಗಲೂ ಅಲ್ಲೇ ಕೂತು ತೊಳೆಯುತ್ತೇನೆ. ಆ ಬದಿಗೆ ಬೆಳಗಿನ ಬಿಸಿಲು ಬರುವುದಿಲ್ಲ, ಚಳಿಗೆ ಕೈ ಸೆಟೆಯುತ್ತದೆ. ಆದರೂ ಅಭ್ಯಾಸವಾಗಿದೆ.